ಗೊಚಗೊಚ ಅಲ್ಲ, ಗುಚಗುಚ

ಮೈಸೂರಿನಿಂದ ಬಂದಿದ್ದ ಗೆಳೆಯನನ್ನು ಒಂದು ಭಾನುವಾರ ತೊಕ್ಯೊ ಹತ್ತಿರದ ಕಾಮಾಕುರಾಗೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಬುದ್ಧನನ್ನು ನೋಡಿದೆವು, ಫೋಟೊ ತೆಗೆದೆವು. ವಾಪಸ್ ಬರುವಾಗ ಸ್ಟೇಷನ್ ಹತ್ತಿರದ ಕೊಮಾಚಿ ಬೀದಿಯ ಜನಜಂಗುಳಿಯಲ್ಲಿ ಅವನು ತಪ್ಪಿಸಿಕೊಂಡುಬಿಟ್ಟ. ಫೋನಿನಲ್ಲಿ ಚಾರ್ಜ್ ಇಲ್ಲ. ಮುಕ್ಕಾಲು ಗಂಟೆ ಹುಡುಕಿ ಸುಸ್ತಾದ ಮೇಲೆ ನೋಡಿದರೆ ಒಂದು ಅಂಗಡಿ ಮುಂದೆ ನೇರಳೆ ಬಣ್ಣದ ಗೆಣಸಿನ ಐಸ್‌ಕ್ರೀಮ್ ನೆಕ್ಕುತ್ತಾ ನಿಂತಿದ್ದಾನೆ. ಕಳೆದುಹೋಗಿದ್ದು ನಾನಂತೆ.

ಮಾರನೇ ದಿನ ಸಂಜೆ ಜಪಾನಿ ಕ್ಲಾಸು. ವಾರಾಂತ್ಯದಲ್ಲಿ ಏನು ಮಾಡಿದಿರಿ ಅಂತ ಸೆನ್ಸೇ, ಅಂದರೆ ನಮ್ಮ ಟೀಚರು, ಎಲ್ಲರನ್ನೂ ಕೇಳುತ್ತಿದ್ದರು. ನಾನು ಹಿಂದಿನ ವಾರವಷ್ಟೇ 'ಬರಬರ' ಅನ್ನುವ ಪದ ಕಲಿತಿದ್ದೆ. ಚದುರಿಹೋಗುವುದು, ಬೇರೆ ಬೇರೆಯಾಗುವುದು ಅಂತ ಬರೆದುಕೊಂಡಿದ್ದೆ. ಹೊಸ ಚಪ್ಪಲಿ ಕೊಂಡವನು ಸುಮ್ನೆ ಮನೆಯಲ್ಲಿ ಕೂರುತ್ತಾನಾ? ಎದ್ದು ನಿಂತು ಹೇಳಿದೆ: "ತೊಮೊದಾಚಿ ಗ ಬರಬರ ನಿ ನರಿಮಶಿತ." ನನ್ನ ಗೆಳೆಯ ಬರಬರ ಆಗಿಬಿಟ್ಟ.

ಸೆನ್ಸೇ ಕೈಯಲ್ಲಿದ್ದ ಮಾರ್ಕರ್ ಬೋರ್ಡಿನ ಮೇಲೆ ಅಲ್ಲೇ ನಿಂತಿತು.

"ಎಷ್ಟು ಜನ ಗೆಳೆಯರು?"

"ಒಬ್ಬನೇ."

"ಒಬ್ಬರೇ... ಈಗ ಅವರು ಎಲ್ಲಿದ್ದಾರೆ?"

"ನನ್ನ ಮನೆಯಲ್ಲಿ. ಫ್ರಿಜ್ ಪಕ್ಕ ಮಲಗಿದ್ದಾನೆ."

ನನ್ನ ರೂಮು ಅಷ್ಟೇ ದೊಡ್ಡದು, ಇನ್ನೆಲ್ಲಿ ಮಲಗುತ್ತಾನೆ ಪಾಪ. ಆದರೆ ಪಕ್ಕದ ಬೆಂಚಿನ ಕೊರಿಯಾದ ಹುಡುಗಿ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಆಮೇಲೆ ಸೆನ್ಸೇ ನಗು ತಡೆದುಕೊಂಡು ವಿವರಿಸಿದರು. ಒಟ್ಟಿಗಿದ್ದದ್ದು ತುಂಡುತುಂಡಾಗಿ ಬೇರೆಯಾದರೆ ಬರಬರ. ಹತ್ತು ಜನ ಗೆಳೆಯರು ಚದುರಿಹೋದರೂ ಬರಬರ. ಆದರೆ ಒಬ್ಬನೇ ಮನುಷ್ಯ ಬರಬರ ಆದರೆ ಅದು ಪೊಲೀಸ್ ಕೇಸು. ಕೊಂದು ಕತ್ತರಿಸಿ ಹಾಕಿದ ಪ್ರಕರಣಕ್ಕೆ ಜಪಾನಿನ ಪತ್ರಿಕೆಗಳು ಇಡುವ ಹೆಸರೇ 'ಬರಬರ ಸತ್ಸುಜಿನ್'. ಗುಂಪಿನಲ್ಲಿ ಒಬ್ಬ ತಪ್ಪಿಸಿಕೊಂಡರೆ 'ಹಗುರೆರು' ಅನ್ನಬೇಕಂತೆ. ಅದನ್ನು ಬರೆದುಕೊಂಡೆ, ಆದರೆ ಮುಖ ಎತ್ತಲಿಲ್ಲ.

ನನ್ನದೊಂದು ಸಮಜಾಯಿಷಿ ಇದೆ. ಬರಬರ ಅಂದರೆ ನಮ್ಮ ಕಿವಿಗೆ ಬೇರೆಯೇ ಕೇಳಿಸುತ್ತದೆ. ಬರಬರ ಎಳೆದುಕೊಂಡು ಹೋದರು ಅಂತೀವಿ, ಬರಬರ ಕೆರೆದುಕೊಂಡ ಅಂತೀವಿ. ಅಷ್ಟು ಪರಿಚಯದ ಮುಖ ಇಟ್ಟುಕೊಂಡು ಒಳಗೆ ಮಚ್ಚು ಬಚ್ಚಿಟ್ಟುಕೊಂಡಿರುತ್ತದೆ ಅಂತ ಯಾರಿಗೆ ಗೊತ್ತು?

ನಾನು ಕೊಪ್ಪದ ಕಡೆಯವನು. ಈಗ ಇರುವುದು ತೊಕ್ಯೊದ ನಿಶಿಕಸಾಯ್‌ನಲ್ಲಿ. ಎದೊಗವಾ ವಾರ್ಡಿನ ಈ ಭಾಗದಲ್ಲಿ ಭಾರತದವರು ಎಷ್ಟಿದ್ದಾರೆ ಅಂದರೆ ತೊಗರಿಬೇಳೆ, ಕರಿಬೇವು, ಪ್ರೆಶರ್ ಕುಕ್ಕರ್ ಗ್ಯಾಸ್ಕೆಟ್ಟು ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತದೆ. ಹಾಗಾಗಿ ಜಪಾನಿ ಕಲಿಯದೆಯೂ ಬದುಕಬಹುದು. ಬಹಳ ಜನ ಬದುಕಿದ್ದಾರೆ ಕೂಡ. ನಾನು ಮಾತ್ರ ಹಟಕ್ಕೆ ಬಿದ್ದು ಪರೀಕ್ಷೆ ಕಟ್ಟಿದೆ. ಜಪಾನಿ ಭಾಷಾ ಪರೀಕ್ಷೆಯ ಐದು ಹಂತದಲ್ಲಿ ಕೆಳಗಿನಿಂದ ಎರಡನೆಯದಾದ ಎನ್‌4 ಪಾಸಾಗಲು 180ಕ್ಕೆ 90 ಬೇಕು, ನನಗೆ 92 ಬಂತು. ಆ ಎರಡು ಅಂಕ ನನ್ನ ಜಾಣತನಕ್ಕೆ ಬಂದದ್ದಲ್ಲ. ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ಅದು, ಹೊಳೆದ ಕಡೆ ಹಾಕುತ್ತಾ ಹೋಗಿದ್ದೆ. ಹಾಗೆ ಲಂಗುಲಗಾಮಿಲ್ಲದೆ ಮಾಡುವುದಕ್ಕೂ ಒಂದು ಪದವಿದೆ, 'ದೆತರಮೆ'. ಅದನ್ನು ಚೀನಿ ಅಕ್ಷರದಲ್ಲಿ ಬರೆದರೆ ನಡುವೆ ಒಂದು ಕಾಡ್ ಮೀನು, ಕೊನೆಗೆ ಒಂದು ಕಣ್ಣು ಬರುತ್ತದೆ. ದಾಳ ಉರುಳಿಸಿದಾಗ ಯಾವ ಕಣ್ಣು ಬಂತೋ ಅದೇ ಸರಿ, ಅನ್ನುವುದರಿಂದ ಹುಟ್ಟಿದ ಪದ ಅಂತ ಹೇಳುತ್ತಾರೆ. ಕಣ್ಣಿನ ಲೆಕ್ಕ ಅಲ್ಲಿಗೆ ಸರಿಹೋಯಿತು. ಮೀನು ಮಾತ್ರ ಬರೀ ಉಚ್ಚಾರಣೆಗೆ ಅಂತ ಬಂದು ಕೂತಿದೆ.

ಪರೀಕ್ಷೆಯ ಪುಸ್ತಕ ಹೇಳಿಕೊಡದ ಭಾಷೆಯೊಂದು ಹೊರಗೆ ಇದೆ ಅಂತ ನನಗೆ ಗೊತ್ತಾಗಿದ್ದು ಪಾಸಾದ ಮೇಲೆಯೇ. ಈ ಜನ ಎಲ್ಲದಕ್ಕೂ ಜೋಡಿ ಪದ ಇಟ್ಟಿದ್ದಾರೆ. ಇವಕ್ಕಾಗಿಯೇ ಬೇರೆ ನಿಘಂಟುಗಳಿವೆ, ಒಂದರಲ್ಲಿ 4500 ಪದಗಳು. ಸದ್ದನ್ನು ಅನುಕರಿಸಿದರೆ 'ಗಿಒಂಗೊ', ಸದ್ದೇ ಇಲ್ಲದ ಸ್ಥಿತಿಯನ್ನು ಸದ್ದು ಮಾಡಿ ಹೇಳಿದರೆ 'ಗಿತಾಯ್ಗೊ'. ಕಾಫಿಗೀಫಿ ಕುಡಿದು ಪುಸ್ತಕಗಿಸ್ತಕ ಓದುವ ನಮಗೆ ಹೆಸರಲ್ಲೇ 'ಗಿ' ಇರುವ ಶಾಸ್ತ್ರ ಕಷ್ಟವಾಗಬಾರದಿತ್ತು. ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಅಂತ ಪಟಪಟ, ಧಗಧಗ, ಚಟಚಟ ಬರೆದು ಒಂದು ಅಂಕ ತೆಗೆದುಕೊಂಡವರೇ ಅಲ್ವಾ ನಾವೆಲ್ಲ?

ಕಷ್ಟವಾಗಿದ್ದು ಬೇರೆ ಕಾರಣಕ್ಕೆ. ನಮ್ಮಲ್ಲಿ ರೂಮು ಚೆಲ್ಲಾಪಿಲ್ಲಿ ಅಂದರೆ ಕೆಲಸ ಮುಗಿಯಿತು, ಅದರಲ್ಲಿ ಏನು ಬಿದ್ದಿದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಒದ್ದೆ ರಾದ್ಧಾಂತ ಬೇರೆ, ಒಣ ರಾದ್ಧಾಂತ ಬೇರೆ. ಪುಡಿಯಾದದ್ದು ಬೇರೆ, ಹರಿದದ್ದು ಬೇರೆ. ಕಾಲುಚೀಲ ಒಂದು ನೀಲಿ ಒಂದು ಕಪ್ಪು ಆದರೆ ಅದಕ್ಕೂ 'ಚಿಗುಹಗು' ಅಂತ ಒಂದು ಪದ. ಊಟದ ಮನೆಯಲ್ಲಿ ಬೂಟು ಬಿಚ್ಚಿದ ಮೇಲೆ ಗೊತ್ತಾಯಿತು. ಹೀಗೆ ಪ್ರತಿ ಪದವನ್ನೂ ನಾನು ಮೊದಲು ಮಾಡಿ ಆಮೇಲೆ ಕಲಿತದ್ದು.

ಕೇಕಿನ ವಿಷಯ ಹೇಳಿದರೆ ಅರ್ಥವಾಗುತ್ತದೆ. ಜಪಾನಿನಲ್ಲಿ ಕ್ರಿಸ್‌ಮಸ್ ಅಂದರೆ ಬಿಳಿ ಕ್ರೀಮಿನ ಮೇಲೆ ಸ್ಟ್ರಾಬೆರಿ ಕೂರಿಸಿದ ಮೆತ್ತನೆಯ ಕೇಕು. ಡಿಸೆಂಬರ್ 24ಕ್ಕೆ ಆಫೀಸಿಗೆ ಕೇಕು ತರುವ ಜವಾಬ್ದಾರಿ ನನ್ನ ತಲೆಗೆ ಬಂತು. ಹಿಂದಿನ ಸಂಜೆ ಮನೆ ಹತ್ತಿರವೇ ಕೊಂಡೆ, ರಾತ್ರಿ ಫ್ರಿಜ್ಜಿನಲ್ಲಿಟ್ಟೆ, ಬೆಳಗ್ಗೆ ಎಂಟಕ್ಕೆ ತೋಜಾಯ್ ಲೈನ್ ಮೆಟ್ರೊ ಹತ್ತಿದೆ. ದಡ್ಡತನದ ಪರಮಾವಧಿ. ಕೊರೊನಾ ಬರುವ ಮುಂಚಿನ ವರ್ಷಗಳಲ್ಲಿ ಈ ಲೈನಿನ ಕಿಬಾ ಮತ್ತು ಮೊಂಜೆನ್‌ನಕಾಚೊ ಸ್ಟೇಷನ್‌ಗಳ ನಡುವೆ ಬೆಳಗಿನ ನೂಕುನುಗ್ಗಲು 199 ಶೇಕಡಾ ಇತ್ತು. ಇದನ್ನು ಅಳೆಯಲು ಆಗ ಸರ್ಕಾರದವರು ಒಂದು ಕೋಷ್ಟಕವನ್ನೇ ಮಾಡಿಟ್ಟಿದ್ದರು. 150 ಶೇಕಡಾ ಅಂದರೆ ಪೇಪರ್ ಬಿಡಿಸಿ ಓದಬಹುದು. 180 ಅಂದರೆ ಮಡಿಸಿಕೊಂಡು ಓದಬಹುದು. 200 ಅಂದರೆ ಮೈಗೆ ಮೈ ಒತ್ತುತ್ತದೆ, ಆದರೂ ಒಂದು ವಾರಪತ್ರಿಕೆ ಹೇಗೋ ಓದಬಹುದು. 250 ಅಂದರೆ ಕೈ ಅಲ್ಲಾಡಿಸಲೂ ಆಗುವುದಿಲ್ಲ. ಶಿವಮೊಗ್ಗದಿಂದ ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದವರಿಗೆ ಈ ಕೋಷ್ಟಕ ಶುರುವಾಗುವುದೇ 250ರಿಂದ. ಅದು ಬೇರೆ ಮಾತು. ಕೋಷ್ಟಕದಲ್ಲಿ ಕೇಕಿನ ಬಗ್ಗೆ ಏನೂ ಬರೆದಿರಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಸುತ್ತ ನಿಂತರು. ಡಬ್ಬ ತೆಗೆದೆ. ಒಳಗೆ ಸ್ಟ್ರಾಬೆರಿ ಕೆಳಗೆ, ಸ್ಪಂಜು ಮೇಲೆ, ಕ್ರೀಮು ಮುಚ್ಚಳಕ್ಕೆ. ಮೌನ. ಏನಾದರೂ ಹೇಳಬೇಕಲ್ಲ ಅಂತ ಹೇಳಿದೆ, "ಗೊಚಗೊಚ ದೆಸ್ ನೆ."

ಎದುರು ಡೆಸ್ಕಿನ ಹಿರಿಯರು ಕೇಕನ್ನೇ ನೋಡುತ್ತಾ ಬಹಳ ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ, ಹೇಳಿದರು. "ಗೊಚಗೊಚ ಅಲ್ಲ. ಗುಚಗುಚ."

ಒಂದು ಸ್ವರದ ವ್ಯತ್ಯಾಸ. ನನ್ನ ಡ್ರಾಯರಿನಲ್ಲಿ ಚಾರ್ಜರು, ಬಿಲ್ಲು, ಬೆಳ್ಳುಳ್ಳಿ ಚಟ್ನಿಪುಡಿ, ಹಳೇ ಮಾಸ್ಕು ಎಲ್ಲ ಒಂದರ ಮೇಲೊಂದು ಬಿದ್ದಿವೆಯಲ್ಲ, ಅದು ಗೊಚಗೊಚ. ಸಾಮಾನು ಜಾಸ್ತಿ, ಜಾಗ ಕಮ್ಮಿ, ಆದರೆ ಪ್ರತಿಯೊಂದೂ ತನ್ನ ಆಕಾರದಲ್ಲಿದೆ. ಮನಸ್ಸು ಮಾಡಿದರೆ ಜೋಡಿಸಬಹುದು. ಗುಚಗುಚ ಅಂದರೆ ಒದ್ದೆಯಾಗಿ, ಜಜ್ಜಿ, ಆಕಾರವೇ ಹೋಗಿರುವುದು. ಅದನ್ನು ಇನ್ನು ಯಾವ ದೇವರೂ ಜೋಡಿಸಲಾರ. ಅತ್ತು ಅತ್ತು ಮುಖ ಕೆಟ್ಟುಹೋದರೂ ಗುಚಗುಚವೇ ಅಂತೆ. ನನ್ನ ಮುಖ ನೋಡಿ ಹೇಳಿದರೋ ಏನೋ. ಕೇಕನ್ನು ಚಮಚದಲ್ಲಿ ತಿಂದೆವು.

ಈ ಪದಗಳ ಹಿಂದೆ ಒಂದು ಗುಟ್ಟಿದೆ, ಅದನ್ನು ಸೆನ್ಸೇ ಹೇಳಿಕೊಟ್ಟ ದಿನ ನನಗೆ ನಿಜಕ್ಕೂ ಖುಷಿಯಾಯಿತು. ಜಪಾನಿಯಲ್ಲಿ 'ಕ' ಬರೆದು ತಲೆಯ ಬಲಗಡೆ ಎರಡು ಚುಕ್ಕೆ ಇಟ್ಟರೆ 'ಗ' ಆಗುತ್ತದೆ. ಸ ಹೋಗಿ ಜ, ತ ಹೋಗಿ ದ, ಹ ಹೋಗಿ ಬ. ಚುಕ್ಕೆ ಬಿದ್ದ ಕೂಡಲೇ ಪದ ಭಾರವಾಗುತ್ತದೆ, ಒರಟಾಗುತ್ತದೆ. ಕಿರಕಿರ ಅಂದರೆ ನಕ್ಷತ್ರ ಮಿನುಗುವುದು. ಗಿರಗಿರ ಅಂದರೆ ಕಣ್ಣಿಗೆ ಚುಚ್ಚುವ ಹೊಳಪು. ಸರಸರ ನುಣುಪು, ಜರಜರ ಮರಳು ಮರಳು. ಸಣ್ಣ ಕಲ್ಲು ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ. ನಮ್ಮ ಸಣ್ಣ ಗಂಟೆ ಕಿಣಿಕಿಣಿ, ದೊಡ್ಡ ಗಂಟೆ ಗಣಗಣ ಅನ್ನುವ ಹಾಗೆ. ಈಗ ನನ್ನ ಪಟ್ಟಿ ನೋಡಿದರೆ ಗೊಚಗೊಚ, ಗುಚಗುಚ, ಬರಬರ, ಬೊರೊಬೊರೊ, ದೊರೊದೊರೊ, ಹೆಚ್ಚು ಕಮ್ಮಿ ಎಲ್ಲಕ್ಕೂ ಆ ಚುಕ್ಕೆ ಬಿದ್ದಿದೆ. ಅಕ್ಷರದ ಮೇಲೆ ಧೂಳು ಕೂತ ಹಾಗೆ. ಕಾಗದ ಮುದುಡಿದರೆ ಮಾತ್ರ ಕುಶಕುಶ, ಚುಕ್ಕೆ ಇಲ್ಲ. ಪಾಪ, ಹಗುರ ಅಲ್ವಾ.

ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಹೇಳಿದೆ. ಅಮ್ಮ ನನ್ನ ಹಿಂದೆ ಕಾಣುತ್ತಿದ್ದ ರೂಮನ್ನೇ ನೋಡುತ್ತಿದ್ದಳು. "ಎಂಥದು ಮಾರಾಯ ಅದು, ಕೊಟ್ಟಿಗೆಯಲ್ಲಿ ಮಲಗ್ತೀಯಾ?" ಮಾತು ಬದಲಿಸೋಣ ಅಂತ ಒಂದಾಟ ಶುರು ಮಾಡಿದೆ. ನಾನು ಪದ ಹೇಳುವುದು, ಅವಳು ಅರ್ಥ ಊಹಿಸುವುದು.

"ದೊರೊದೊರೊ?"

"ಮಳೆಗಾಲದಲ್ಲಿ ನಮ್ಮ ಅಂಗಳ." ಸರಿ. ಕೆಸರು.

"ಬಿಶೊಬಿಶೊ?"

"ನೀನು ಕೊಡೆ ಬಿಟ್ಟು ಶಾಲೆಗೆ ಹೋಗಿ ಬರ್ತಿದ್ದೆಯಲ್ಲ, ಹಾಗೆ." ಸರಿ. ತೊಯ್ದು ತೊಪ್ಪೆ.

"ಬೊರೊಬೊರೊ?"

"ನಿಮ್ಮಪ್ಪನ ಬನಿಯನ್." ಸರಿ! ಹರಿದು ಚಿಂದಿಯಾಗಿದ್ದು. ಹಿಂದಿನಿಂದ ಅಪ್ಪ ಏನೋ ಹೇಳಿದ್ದು ಕೇಳಿಸಲಿಲ್ಲ.

"ಪೆಕೊಪೆಕೊ?"

"ಪೆಕರನ ಥರ ತಲೆ ಆಡಿಸೋದು."

ನಾನು ಹಸಿವು ಅಂತ ಕಲಿತಿದ್ದೆ. ಹೊಟ್ಟೆ ಪೆಕೊಪೆಕೊ ಅಂದರೆ ಚುರುಗುಟ್ಟುತ್ತಿದೆ ಅಂತ. ತಪ್ಪು ಅಂದೆ. ಆಮೇಲೆ ಅನುಮಾನ ಬಂದು ನಿಘಂಟು ತೆಗೆದರೆ ಎರಡನೇ ಅರ್ಥ ಅಲ್ಲೇ ಇತ್ತು. ದೊಡ್ಡವರ ಮುಂದೆ ಪದೇ ಪದೇ ತಲೆ ಬಗ್ಗಿಸುತ್ತಾ ಹಲ್ಲು ಗಿಂಜುವುದು. ಎರಡು ವರ್ಷ ಫೀಸು ಕಟ್ಟಿದವನು ನಾನು. ನಮ್ಮಮ್ಮ ಹಾಲು ಕಾಯಿಸುತ್ತಾ ಐದಕ್ಕೆ ನಾಲ್ಕು ಸರಿ ಹೇಳಿ ಎನ್‌3ಗೆ ಹತ್ತಿರ ಹೋದಳು. (ಗುರುಗುರು ಅಂದರೆ ನಾಯಿ ಅಂದಳು. ಅದು ಗಿರಗಿರ ತಿರುಗುವುದು. ಅಷ್ಟಾದರೂ ತಪ್ಪಿದಳಲ್ಲ ಅಂತ ಸಮಾಧಾನ.)

ಇಡೀ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ನಷ್ಟ ಮಾಡಿದ ಪದ 'ಮೆಚಕುಚ'. ಅರ್ಥ, ಸಂಪೂರ್ಣ ಎಕ್ಕುಟ್ಟಿ ಹೋಗಿರುವುದು. ಇದನ್ನೂ ಚೀನಿ ಅಕ್ಷರದಲ್ಲಿ ಬರೆಯುತ್ತಾರೆ. ಅಕ್ಷರ ಬಿಡಿಸಿ ಓದಿದರೆ ನಾಶ, ಟೀ, ಕಹಿ, ಟೀ. ಉಚ್ಚಾರಣೆಗೆ ಹೊಂದಿಸಿದ ಅಕ್ಷರಗಳು, ಅರ್ಥ ಹುಡುಕಬಾರದು ಅಂತಾರೆ. ಆದರೆ ಕಾಫಿ ನಾಡಿನವನಿಗೆ ಆ ಅರ್ಥ ಚೆನ್ನಾಗಿಯೇ ಆಗುತ್ತದೆ.

ನಮ್ಮ ಟೀಮಿನಲ್ಲಿ ಒಸಾಕಾದವರೊಬ್ಬರಿದ್ದಾರೆ, ಗಂಟಲು ದೊಡ್ಡದು, ಮನಸ್ಸೂ ದೊಡ್ಡದು. ನಾನು ಮಾಡಿದ ಸ್ಲೈಡುಗಳನ್ನು ನೋಡಿ ಅವರು ಜೋರಾಗಿ "ಕೊರೆ, ಮೆಚಕುಚ..." ಅಂದರು. ಮುಂದೇನೋ ಹೇಳಿದರು. ನನ್ನ ಕಿವಿ ಮೆಚಕುಚದಲ್ಲೇ ಮುಚ್ಚಿಹೋಗಿತ್ತು. ಆ ರಾತ್ರಿ ಹತ್ತೂವರೆವರೆಗೆ ಕೂತು ಎಲ್ಲ ಸ್ಲೈಡನ್ನೂ ತಿರುಗಾಮುರುಗಾ ಮಾಡಿದೆ. ಬಣ್ಣ ಬದಲಿಸಿದೆ. ನಕ್ಷೆ ಸೇರಿಸಿದೆ. ಬಾಣದ ಗುರುತುಗಳಂತೂ ಲೆಕ್ಕವಿಲ್ಲ. ಬೆಳಗ್ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಈ ಸಲ ಮೆಲ್ಲಗೆ, "ಮೆಚಕುಚ" ಅಂದರು. ಅಷ್ಟೇ. ಮುಂದೆ ಏನೂ ಇಲ್ಲ.

ಹಿಂದಿನ ದಿನ ಅವರು ಹೇಳಿದ್ದು 'ಮೆಚಕುಚ ಈ' ಅಂತ. 'ಈ' ಅಂದರೆ ಚೆನ್ನಾಗಿದೆ. ಮಾತಿನ ಜಪಾನಿಯಲ್ಲಿ ಮೆಚಕುಚ ಅಂದರೆ 'ತುಂಬಾ' ಅಂತಲೂ ಆಗುತ್ತದೆ, ಒಸಾಕಾ ಕಡೆ ಅದನ್ನೇ ಮೊಟಕು ಮಾಡಿ 'ಮೆಚ್ಚ' ಅಂತಾರೆ. ಸಿಕ್ಕಾಪಟ್ಟೆ ಚೆನ್ನಾಗಿದೆ ಅಂತ ಹೊಗಳಿದ್ದರು ಪಾಪ. ಸಿಕ್ಕಾಪಟ್ಟೆ ಅನ್ನುವ ಪದ ಇಟ್ಟುಕೊಂಡ ನಾನು, ಸಿಕ್ಕಾಪಟ್ಟೆ ಹೊಡೆದರು ಅಂತಲೂ ಸಿಕ್ಕಾಪಟ್ಟೆ ರುಚಿ ಅಂತಲೂ ದಿನಾ ಹೇಳುವ ನಾನು, ಇಷ್ಟು ಗ್ರಹಿಸಬೇಕಿತ್ತು. ಹಳೇ ಫೈಲು ಸೇವ್ ಮಾಡಿರಲಿಲ್ಲ.

ಆಮೇಲೆ ಅವರನ್ನೂ ಇನ್ನಿಬ್ಬರನ್ನೂ ಶನಿವಾರ ಮನೆಗೆ ಊಟಕ್ಕೆ ಕರೆದೆ. ಬಿಸಿಬೇಳೆ ಬಾತು, ಮೇಲೆ ತುಪ್ಪ, ಪಕ್ಕದಲ್ಲಿ ಬೂಂದಿ, ಕೊನೆಗೆ ಟಿನ್ನಿನ ಗುಲಾಬ್ ಜಾಮೂನು. ಜಪಾನಿನಲ್ಲಿ ಅನ್ನ ಸಾರನ್ನು ಕಲಸುವ ರೂಢಿ ಕಮ್ಮಿ. ಕರಿ ರೈಸ್ ಕೊಟ್ಟರೂ ಅನ್ನ ಒಂದು ಕಡೆ, ಕರಿ ಇನ್ನೊಂದು ಕಡೆ, ಗಡಿಯಲ್ಲಿ ಚಮಚ ಹಾಕಿ ತಿನ್ನುತ್ತಾರೆ. ಪೂರ್ತಿ ಕಲಸಿದರೆ ಮೂಗು ಮುರಿಯುವವರಿದ್ದಾರೆ. ಅದಕ್ಕೇ ಧೈರ್ಯ ತುಂಬುವ ದನಿಯಲ್ಲಿ "ಗುಚಗುಚ ಮಾಡಿಕೊಂಡು ತಿನ್ನಿ" ಅಂದೆ. ಮೂವರಿಗೂ ಒಟ್ಟಿಗೆ ಕೇಕು ನೆನಪಾಯಿತು. ಜಜ್ಜಿ ಹಾಳು ಮಾಡಿಕೊಂಡು ತಿನ್ನಿ ಅಂತ ಅತಿಥಿಗಳಿಗೆ ಹೇಳಿದಂತಾಗಿತ್ತು. ಆದರೆ ಒಳ್ಳೆಯ ಪದವೊಂದು ಅಲ್ಲೇ ಸಿಕ್ಕಿತು. ಗಟ್ಟಿ ಕರಿಗೆ ಇವರು ದೊರೊದೊರೊ ಅಂತಾರೆ, ತೆಳ್ಳಗಿದ್ದರೆ ಸರಸರ. ಅಂದರೆ ಬಿಸಿಬೇಳೆ ಬಾತು ದೊರೊದೊರೊ, ನಮ್ಮ ತಿಳಿಸಾರು ಸರಸರ. ಸಾರು ಸರಸರ! ಇದಕ್ಕೆ ನಿಘಂಟು ಬೇಕಾ? ರಕ್ತಕ್ಕೂ ಇದೇ ಪದಗಳು. ಆರೋಗ್ಯವಂತನ ರಕ್ತ ಸರಸರ, ಜಿಡ್ಡು ತುಂಬಿದರೆ ದೊರೊದೊರೊ. ತುಪ್ಪದ ಬಟ್ಟಲು ನೋಡುತ್ತಾ ಒಬ್ಬರು ಇದನ್ನು ವಿವರಿಸಿದರು, ಇನ್ನೊಂದು ಚಮಚ ಹಾಕಿಸಿಕೊಂಡರು.

ಮಿಕ್ಕಿದ್ದು ಮಂಗಳವಾರದ ಕಸಕ್ಕೆ ಹೋಯಿತು. ಸುಡುವ ಕಸ ವಾರಕ್ಕೆರಡು ಸಲ, ಬೆಳಗ್ಗೆ 8ರೊಳಗೆ ಇಡಬೇಕು. ಇಟ್ಟ ಮೇಲೆ ಬಲೆ ಹೊದಿಸಬೇಕು, ಯಾಕೆಂದರೆ ತೊಕ್ಯೊದ ಕಾಗೆಗಳು ನಮ್ಮೂರ ಕಾಗೆಗಳಲ್ಲ, ಕೋಳಿಯಷ್ಟಿವೆ. ನಾನು 7.55ಕ್ಕೆ ಓಡುತ್ತಾ ಬಂದವನು ಚೀಲವನ್ನು ಬಲೆಯ ಕೆಳಗಿಡದೆ ಬಲೆಯ ಮೇಲೆಯೇ ಎಸೆದು ಸ್ಟೇಷನ್ನಿಗೆ ಹೋದೆ. ಟ್ರೇನ್ ಕಾರ್ಡ್ ಮರೆತದ್ದು ಗೊತ್ತಾಗಿ ಹತ್ತು ನಿಮಿಷಕ್ಕೆ ವಾಪಸ್ ಬಂದರೆ ನಾಲ್ಕು ಕಾಗೆ ಊಟಕ್ಕೆ ಕೂತಿವೆ. ಪಕ್ಕದಲ್ಲಿ ಕಟ್ಟಡ ನೋಡಿಕೊಳ್ಳುವ ಅಜ್ಜಿ, ಕೈಯಲ್ಲಿ ಪೊರಕೆ.

ಈ ಕಟ್ಟಡದಲ್ಲಿ ನಮ್ಮ ದೇಶದವರ ಮನೆ ನಾಲ್ಕಿವೆ. ಕರಿಬೇವು ಒಂದೇ ಸಾಕ್ಷಿಯಾಗಿದ್ದರೆ ಬಚಾವಾಗುತ್ತಿದ್ದೆ. ಆದರೆ ಹುಳಿ ಮೆತ್ತಿದ ನನ್ನ ಜಪಾನಿ ಕ್ಲಾಸಿನ ಟೆಸ್ಟ್ ಪೇಪರು ರಸ್ತೆಯ ಮಧ್ಯೆ ಅಂಗಾತ ಬಿದ್ದಿತ್ತು, ಮೇಲೆ ಕತಕನದಲ್ಲಿ (ಪರದೇಶದ ಹೆಸರು ಬರೆಯುವ ಜಪಾನಿ ಲಿಪಿ) ನನ್ನ ಹೆಸರು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 42.

ಕ್ಷಮೆ ಕೇಳಲು ಹೋದೆ, ನಾಲಿಗೆ ತಡಬಡಾಯಿಸಿತು. (ಅದಕ್ಕೆ 'ಶಿದೊರೊಮೊದೊರೊ'. ಹೇಳುವಾಗಲೇ ನಾಲಿಗೆ ತಡಬಡಾಯಿಸುತ್ತದೆ, ಎಷ್ಟು ಪ್ರಾಮಾಣಿಕ ಪದ ನೋಡಿ.) ಕೊನೆಗೆ ಕೇಕಿನ ಪಾಠ ನೆನಪಾಗಿ ಆತ್ಮವಿಶ್ವಾಸದಿಂದ "ಗುಚಗುಚ ದೆಸ್ ನೆ" ಅಂದೆ. ಅಜ್ಜಿ ನನ್ನನ್ನೂ ನೋಡಿದರು, ಟೆಸ್ಟ್ ಪೇಪರನ್ನೂ ನೋಡಿದರು. ಏನನ್ನಿಸಿತೋ. ಪೊರಕೆಯ ಹಿಡಿಯಿಂದ ಒಂದೊಂದಾಗಿ ತೋರಿಸತೊಡಗಿದರು. ಬಿಸಿಬೇಳೆ ಬಾತು, ಹೌದು, ಅದು ಗುಚಗುಚ. ಹುಳು ಬಿದ್ದಿತ್ತು ಅಂತ ಎಸೆದಿದ್ದ ತೊಗರಿಬೇಳೆ ರಸ್ತೆ ತುಂಬ ಹರಡಿತ್ತಲ್ಲ, ಅದು ಬರಬರ. ಜಾಮೂನಿನ ಪಾಕ ಬೆತೊಬೆತೊ. ನನ್ನ ಬನಿಯನ್ (ಮನೆತನದ ಲಕ್ಷಣ) ಬೊರೊಬೊರೊ. ಟೆಸ್ಟ್ ಪೇಪರು ಕುಶಕುಶ. ಆಮೇಲೆ ಪೊರಕೆಯನ್ನು ರಸ್ತೆಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ತಿರುಗಿಸಿ, ಕೊನೆಗೆ ನನ್ನ ಎದೆಯ ಹತ್ತಿರ ನಿಲ್ಲಿಸಿ, "ಮೆಚಕುಚ."

ಎರಡು ವರ್ಷದಲ್ಲಿ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಪಾಠ ಮಾಡಿರಲಿಲ್ಲ. ಇಬ್ಬರೂ ಸೇರಿ ಗುಡಿಸಿದೆವು. ಬೇಳೆ ಆರಿಸುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಟ್ರೇನ್ ತಪ್ಪಿತು.

ಶುಕ್ರವಾರ ನಾನು ಏಳಕ್ಕೇ ಎದ್ದೆ. ಎರಡು ಚೀಲ ಒಂದರೊಳಗೊಂದು, ಎರಡು ಗಂಟು, ಬಲೆಯ ಕೆಳಗೆ, ನಾಲ್ಕು ಮೂಲೆಗೂ ಕಲ್ಲು. ಅಜ್ಜಿ ಬಂದು ನೋಡಿದರು. ಪೊರಕೆ ತೋರಿಸಿ "ಕಿಚಿಂತೊ ಶಿತೆಮಸ್ ನೆ" ಅಂದರು. ಕಿಚಿಂತೊ? ನನ್ನ ಪಟ್ಟಿಯಲ್ಲಿ ಈ ಪದ ಇರಲಿಲ್ಲ. ಕೇಳಲು ಕಿಚಡಿಯ ಹಾಗಿತ್ತು, ಹೊಸ ಬಗೆಯ ರಾದ್ಧಾಂತ ಇರಬೇಕು ಅಂದುಕೊಂಡು ಪೆಕೊಪೆಕೊ ತಲೆ ಬಗ್ಗಿಸಿ ಮೂರು ಸಲ ಕ್ಷಮೆ ಕೇಳಿ ಓಡಿದೆ. ಟ್ರೇನಿನಲ್ಲಿ ನಿಘಂಟು ತೆಗೆದೆ. ಅಚ್ಚುಕಟ್ಟಾಗಿ, ಒಪ್ಪವಾಗಿ ಅಂತ ಇತ್ತು.

ಖುಷಿ ತಡೆಯಲಾಗದೆ ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲಿ ಎಷ್ಟು ಚೀಲ ಇತ್ತು?" ಅಂದಳು.

"ಒಂದಾರೇಳು ಇರಬಹುದು."

"ಅವ್ರು ತೋರಿಸಿದ್ದು ನಿನ್ನದನ್ನೇ ಹೌದಾ?"

ಪೊರಕೆ ಸ್ವಲ್ಪ ಎಡಕ್ಕಿತ್ತು.